9 ಸೀಟು, 31 ಅರ್ಜಿ: ಯಾವ ಮಗುವನ್ನು ಒಳಗೆ ಕರೆಯಬೇಕು?

ಪ್ರಶ್ನೆ: ತಾಲ್ಲೂಕು ಊರೊಂದರಲ್ಲಿ ನಾವು ವಿಶೇಷ ಮಕ್ಕಳ ಶಾಲೆ ನಡೆಸುತ್ತಿದ್ದೇವೆ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ (ಸಿಪಿ, ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವ 21 ಮಕ್ಕಳಿದ್ದಾರೆ. ನಾಲ್ವರು ವಿಶೇಷ ಶಿಕ್ಷಕಿಯರು, ಇಬ್ಬರು ಆಯಾ. ಜೂನ್‌ನಿಂದ ಇನ್ನಿಬ್ಬರು ಶಿಕ್ಷಕಿಯರು ಬರುತ್ತಾರೆ. ಹಾಗಾಗಿ 9 ಮಕ್ಕಳನ್ನು ಹೊಸದಾಗಿ ಸೇರಿಸಿಕೊಳ್ಳಬಹುದು. ಬಂದಿರುವ ಅರ್ಜಿ 31. ಮೊದಲು ಬಂದವರಿಗೆ ಮೊದಲು ಕೊಡೋಣ ಎಂದು ಕಮಿಟಿಯಲ್ಲಿ ಕೆಲವರು ಹೇಳುತ್ತಾರೆ. ಬೇಗ ಕಲಿಯುವ ಮಕ್ಕಳನ್ನು ತೆಗೆದುಕೊಂಡರೆ ಶಾಲೆಗೆ ಹೆಸರು ಬರುತ್ತದೆ, ದಾನಿಗಳಿಗೂ ತೋರಿಸಬಹುದು ಎನ್ನುವವರು ಇನ್ನು ಕೆಲವರು. ಶೌಚದ ಅಭ್ಯಾಸ ಆಗದ ಮಕ್ಕಳು ಬೇಡ ಎಂದು ಆಯಾಗಳು ಹೇಳುತ್ತಿದ್ದಾರೆ. ಮೂರು ಅರ್ಜಿಗೆ ದೊಡ್ಡವರ ಶಿಫಾರಸು ಪತ್ರ ಬಂದಿದೆ. ನನಗಂತೂ ಇಬ್ಬರು ಮಕ್ಕಳ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಒಬ್ಬ 5 ವರ್ಷದ ಹುಡುಗ, ಆಟಿಸಂ, ತುಂಬಾ ಚುರುಕು. ಇನ್ನೊಬ್ಬಳು 12 ವರ್ಷದ ಹುಡುಗಿ. ಸಿಪಿ ಇದೆ, ಬೌದ್ಧಿಕ ಅಸಾಮರ್ಥ್ಯವೂ ಇದೆ, ಫಿಟ್ಸ್ ಬರುತ್ತದೆ. ಇವತ್ತಿನವರೆಗೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿಲ್ಲ. ಹೇಗೆ ಆರಿಸಲಿ? ಉಳಿದ 22 ಮನೆಯವರಿಗೆ ಏನು ಹೇಳಲಿ?

ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. 27 ವರ್ಷದಿಂದ ನಾನೂ ಇದೇ ಕೆಲಸದಲ್ಲಿದ್ದೇನೆ. ಪ್ರತಿ ಮೇ ತಿಂಗಳಲ್ಲೂ ಅರ್ಜಿಗಳ ಕಟ್ಟು ಮುಂದಿಟ್ಟುಕೊಂಡು ಕೂತವಳು ನಾನು. ನಿಮಗೆ ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ನೀವು ಬರೆದಿಲ್ಲ, ಆದರೂ ನನಗೆ ಗೊತ್ತು.

ನೇರವಾಗಿ ವಿಷಯಕ್ಕೆ ಬರುತ್ತೇನೆ. 31 ಅರ್ಜಿಗೂ ಒಂದೇ ಪ್ರಶ್ನೆ ಕೇಳಿ. ನಮ್ಮಲ್ಲಿ ಸೀಟು ಸಿಗದೇ ಹೋದರೆ, ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ 10 ಗಂಟೆಗೆ ಈ ಮಗು ಎಲ್ಲಿರುತ್ತದೆ? ಯಾರ ಜೊತೆ ಇರುತ್ತದೆ? ಏನು ಮಾಡುತ್ತಿರುತ್ತದೆ? ಯಾವ ಮಗುವಿಗೆ ಈ ಪ್ರಶ್ನೆಯ ಉತ್ತರ ಕೇಳಲು ಕಷ್ಟವಾಗುವಷ್ಟು ಕೆಟ್ಟದಾಗಿದೆಯೋ, ಆ ಮಗು ಪಟ್ಟಿಯಲ್ಲಿ ಮೇಲೆ ಬರಬೇಕು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ತಪ್ಪು ಮಾಡಿ ಕಲಿತೆ. ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ಶಾಲೆಯಲ್ಲಿ ದಾಖಲಾತಿಯ ಸಂದರ್ಶನಕ್ಕೆ ನನ್ನನ್ನು ಕೂರಿಸಿದ್ದರು. 7 ವರ್ಷದ ಹುಡುಗನೊಬ್ಬ ಬಂದಿದ್ದ. ಮಾತಿಲ್ಲ. ಒಂದು ಕಡೆ ಕೂರುವುದಿಲ್ಲ. ಮೇಜಿನ ಮೇಲಿದ್ದ ಮಣಿಗಳ ಡಬ್ಬಿಯನ್ನು ಕೆಡವಿದ, ಹಿಡಿಯಲು ಹೋದ ಆಯಾಳ ಕೈ ಕಚ್ಚಿದ. ಚಡ್ಡಿಯಲ್ಲೇ ಒಂದ ಮಾಡಿಕೊಂಡ. ‘ಮುಂದಿನ ವರ್ಷ ನೋಡೋಣ’ ಅಂತ ಬರೆದು ಅರ್ಜಿಯನ್ನು ಪಕ್ಕಕ್ಕಿಟ್ಟೆ. ಅವನ ತಾಯಿ ಏನೂ ಕೇಳಲಿಲ್ಲ. ಸೆರಗಿನಲ್ಲಿ ನೆಲ ಒರೆಸಿ ಹೊರಟುಹೋದಳು.

ಎರಡು ವರ್ಷದ ಮೇಲೆ ಬೇರೆ ಯಾವುದೋ ಸರ್ವೆಗೆಂದು ಆ ಊರಿಗೆ ಹೋದೆ. ಮನೆ ಬಾಗಿಲು ಮುಂದಕ್ಕೆಳೆದಿತ್ತು. ಒಳಗೆ ಆ ಹುಡುಗ ಕೂತಿದ್ದ. ಹಳೇ ಸೀರೆಯ ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ತುದಿ ಕಿಟಕಿಯ ಸರಳಿಗೆ. ಆ ಸರಳಿನಲ್ಲಿ ಬಟ್ಟೆ ಉಜ್ಜಿ ಉಜ್ಜಿ ಒಂದು ಗೇಣು ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ತಾಯಿ ಕೂಲಿಗೆ ಹೋಗಿದ್ದಳು. ಮನೆ ಮುಂದೆ ಕಟ್ಟೆಯಿಲ್ಲದ ಬಾವಿ. ಕಟ್ಟದೇ ಹೋದರೆ ಮಗ ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅವಳನ್ನು ನಾನು ಒಂದು ಮಾತೂ ಅನ್ನಲಾರೆ. ಆ ಸರಳು ಹಾಗೆ ಹೊಳೆಯುವುದಕ್ಕೆ ನನ್ನ ‘ಮುಂದಿನ ವರ್ಷ ನೋಡೋಣ’ ಕಾರಣ. ಆ ದಿನದಿಂದ ಬೆಳಿಗ್ಗೆ 10 ಗಂಟೆಯ ಪ್ರಶ್ನೆ ನನ್ನ ಜೊತೆಗೇ ಇದೆ.

ಈಗ ನಿಮ್ಮ ಕಮಿಟಿಯವರ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಬಂದವರಿಗೆ ಮೊದಲು ಅನ್ನುವುದು ಕೇಳಲು ನ್ಯಾಯ ಅನ್ನಿಸುತ್ತದೆ. ಯಾರು ಮೊದಲು ಬರುತ್ತಾರೆ ಅಂತ ಸ್ವಲ್ಪ ಯೋಚಿಸಿ. ವಾಟ್ಸಾಪ್ ಗುಂಪಿನಲ್ಲಿ ಇರುವವರು. ಬೈಕ್ ಇರುವವರು. ಅರ್ಧ ದಿನ ಕೆಲಸ ಬಿಟ್ಟು ಬಂದರೂ ಕೂಲಿ ಹೋಗದವರು. ಮಗುವಿಗೆ ಏನಾಗಿದೆ ಎಂದು ನಿಮ್ಹಾನ್ಸ್‌ನಲ್ಲೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ಆಗಲೇ ತೋರಿಸಿ, ಕಾಗದ ಕೈಯಲ್ಲಿ ಹಿಡಿದವರು. ‘ದೇವರು ಕೊಟ್ಟ ಹಾಗೆ’ ಅಂತ ಸುಮ್ನೆ ಕೂತ ಮನೆಗೆ ನಿಮ್ಮ ಶಾಲೆಯ ಸುದ್ದಿ ಮುಟ್ಟುವುದೇ ಕಡೆಗೆ. ಅರ್ಜಿಯ ತಾರೀಖು ಅಪ್ಪ ಅಮ್ಮನ ಅನುಕೂಲವನ್ನು ಹೇಳುತ್ತದೆ, ಮಗುವಿನ ಅಗತ್ಯದ ಬಗ್ಗೆ ಅದರಲ್ಲಿ ಏನೂ ಇರುವುದಿಲ್ಲ.

ಬೇಗ ಕಲಿಯುವ ಮಕ್ಕಳನ್ನು ತೆಗೆದುಕೊಳ್ಳೋಣ ಎನ್ನುವವರನ್ನು ನಾನು ಕೆಟ್ಟವರೆಂದು ಹೇಳುವುದಿಲ್ಲ. ಸಂಬಳ ಕೊಡಬೇಕು, ವ್ಯಾನಿಗೆ ಡೀಸೆಲ್ ಹಾಕಿಸಬೇಕು, ದಾನಿಗಳು ವಾರ್ಷಿಕೋತ್ಸವದಲ್ಲಿ ಮಗು ಹಾಡುವುದನ್ನು ನೋಡಲು ಇಷ್ಟಪಡುತ್ತಾರೆ. ಆದರೆ ಬೇಗ ಕಲಿಯುವ ಮಗುವಿಗೆ ಬೇರೆ ಬಾಗಿಲುಗಳೂ ಇರುತ್ತವೆ. ನಿಮ್ಮ ಬಾಗಿಲನ್ನು ಬಿಟ್ಟರೆ ಬೇರೆ ಇಲ್ಲದ ಮಗುವನ್ನು ಹೊರಗಿಟ್ಟು ಇವನನ್ನು ಕರೆದರೆ, ವಿಶೇಷ ಶಾಲೆ ಅಂತ ಬೋರ್ಡ್ ಹಾಕಿದ್ದು ಯಾಕೆ? ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 13ನೇ ಸೆಕ್ಷನ್ ಶಾಲೆಗಳು ಮಕ್ಕಳನ್ನಾಗಲಿ ಪೋಷಕರನ್ನಾಗಲಿ ಸೋಸಿ ಆರಿಸುವುದನ್ನು ನಿಷೇಧಿಸಿದೆ. ಅದರ ಹಿಂದಿನ ಯೋಚನೆ ನಮಗೂ ಪಾಠ. ನಿಮ್ಮಂಥ ಶಾಲೆಯಲ್ಲಿ ಮಗುವನ್ನು ನೋಡಿ, ಪರೀಕ್ಷಿಸಿ, ಏನು ಬೇಕು ಎಂದು ತಿಳಿಯಲೇಬೇಕು. ಮಗುವಿಗೆ ಏನೇನು ಬರುತ್ತದೆ ಎಂದು ನೋಡುವ ಎಫ್‌ಎಸಿಪಿ ಚೆಕ್‌ಲಿಸ್ಟ್ ಹಾಕಿ, ಆಟಿಸಂ ಇದ್ದರೆ ಅದರ ತೀವ್ರತೆ ಅಳೆಯುವ ಐಎಸ್‌ಎಎ ಪರೀಕ್ಷೆ ಮಾಡಿಸಿ. ಅದರಿಂದ ಪಾಠದ ಯೋಜನೆ ತಯಾರಾಗಬೇಕು, ಐಇಪಿ (ಒಂದೊಂದು ಮಗುವಿಗೂ ಬೇರೆಯಾಗಿ ಬರೆಯುವ ಕಲಿಕೆಯ ಯೋಜನೆ) ಬರೆಯಬೇಕು. ಬಾಗಿಲಲ್ಲಿ ಜರಡಿ ಹಿಡಿಯಲು ಆ ಅಂಕಗಳನ್ನು ಬಳಸಬೇಡಿ.

ಶಿಫಾರಸು ಪತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಮೂರು ಅರ್ಜಿಗಳಿಂದ ಪತ್ರವನ್ನು ಬಿಚ್ಚಿ ಬೇರೆ ಫೈಲಿಗೆ ಹಾಕಿ. ಮಕ್ಕಳು ಮಕ್ಕಳೇ, ಅವರ ಅರ್ಜಿ ಉಳಿದವರ ಜೊತೆಗೇ ಇರಲಿ. ಪತ್ರ ಕೊಟ್ಟವರಿಗೆ ಫೋನ್ ಮಾಡಿ ‘ನಿಯಮವನ್ನು ಮೊದಲೇ ಬರೆದುಬಿಟ್ಟಿದ್ದೇವೆ ಸರ್, ನೀವೂ ಒಮ್ಮೆ ಬಂದು ಶಾಲೆ ನೋಡಿ’ ಅನ್ನಿ. ನಿಯಮ ನಿಜಕ್ಕೂ ಮೊದಲೇ ಬರೆದಿರಬೇಕು ಅಷ್ಟೇ. ಹೆಸರುಗಳನ್ನು ನೋಡುವ ಮುಂಚೆ, ಒಂದು ಪುಟದಲ್ಲಿ, ಸರಳ ಕನ್ನಡದಲ್ಲಿ ಬರೆದು ಕಮಿಟಿಯ ಎಲ್ಲರ ಸಹಿ ಹಾಕಿಸಿ. ಕಮಿಟಿಯವರಲ್ಲಿ ಯಾರ ನೆಂಟರ ಮಗುವಾದರೂ ಪಟ್ಟಿಯಲ್ಲಿದ್ದರೆ ಆ ದಿನ ಅವರು ಎದ್ದು ಹೊರಗೆ ಹೋಗಬೇಕು. ಇಬ್ಬರಾದರೂ ಪೋಷಕರು ಕಮಿಟಿಯಲ್ಲಿರಲಿ, ಅದರಲ್ಲಿ ಒಬ್ಬರು ತಾಯಿಯಾಗಿರಲಿ.

ಇನ್ನು ಶೌಚದ ಅಭ್ಯಾಸ. ಆಯಾಗಳ ಮಾತನ್ನು ತಳ್ಳಿಹಾಕಬೇಡಿ, ಅವರ ಕಷ್ಟ ನಿಜವಾದದ್ದು. 12 ವರ್ಷದ ಮಗುವನ್ನು ಎತ್ತಿ, ತೊಳೆದು, ಬಟ್ಟೆ ಬದಲಿಸುವುದು ಸೊಂಟ ಬೀಳುವ ಕೆಲಸ. ಇಬ್ಬರು ಆಯಾ ಸಾಲುವುದಿಲ್ಲ, ಮೂರನೆಯವರನ್ನು ಹುಡುಕಿ. ಗೋಡೆಗೆ ಹಿಡಿಕೆ ಹಾಕಿಸಿ, ಕಮೋಡ್ ಚೇರ್ ತನ್ನಿ, ಗ್ಲೌಸ್ ತೀರದ ಹಾಗೆ ನೋಡಿಕೊಳ್ಳಿ, ಸಂಬಳವನ್ನು ಸ್ವಲ್ಪವಾದರೂ ಹೆಚ್ಚಿಸಿ. ಆದರೆ ನಿಯಮ ಮಾತ್ರ ಬೇಡ. ನಮ್ಮ ಮಕ್ಕಳಿಗೆ ಶೌಚದ ಅಭ್ಯಾಸವೇ ಒಂದು ಪಾಠ, ಐಇಪಿಯಲ್ಲಿ ಬರೆಯುವ ಮೊದಲ ಗುರಿಗಳಲ್ಲಿ ಅದೂ ಒಂದು. ಅದನ್ನು ಕಲಿತ ಮೇಲೆ ಶಾಲೆಗೆ ಬಾ ಅನ್ನುವುದು ಈಜು ಬಂದ ಮೇಲೆ ನೀರಿಗಿಳಿ ಅಂದ ಹಾಗೆ. ಎರಡು ಗಂಟೆಗೊಮ್ಮೆ ತಪ್ಪದೆ ಕರೆದುಕೊಂಡು ಹೋಗಿ ಕೂರಿಸಿದರೆ ಕೆಲವೇ ತಿಂಗಳಲ್ಲಿ ಹಿಡಿತಕ್ಕೆ ಬರುವ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ.

ಈಗ ಆರಿಸುವ ಕೆಲಸಕ್ಕೆ ಬರೋಣ. 31 ಅರ್ಜಿಯಲ್ಲಿ ನಿಮ್ಮ ಸೀಟೇ ಬೇಕಿಲ್ಲದ ಮಕ್ಕಳು ಕೆಲವರು ಇದ್ದೇ ಇರುತ್ತಾರೆ. ಅವರನ್ನು ಮೊದಲು ಹುಡುಕಿ. ಮಾತು ಸ್ವಲ್ಪ ತಡ, ಲೆಕ್ಕದಲ್ಲಿ ಹಿಂದೆ, ಒಂದು ಕಾಲು ಎಳೆಯುತ್ತಾನೆ, ಅಕ್ಷರ ತಿರುಗಿಸಿ ಬರೆಯುತ್ತಾಳೆ: ಇಂಥ ಮಕ್ಕಳನ್ನು ಊರ ಶಾಲೆಯವರು ‘ವಿಶೇಷ ಶಾಲೆಗೆ ಕಳಿಸಿ’ ಅಂತ ನಿಮ್ಮ ಕಡೆಗೆ ದೂಡಿರುತ್ತಾರೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಭೇದ ಮಾಡದೆ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. 31ನೇ ಸೆಕ್ಷನ್ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಯ ಶಾಲೆಯಲ್ಲೂ ಆಗಬಹುದು, ವಿಶೇಷ ಶಾಲೆಯಲ್ಲೂ ಆಗಬಹುದು. ಆಯ್ಕೆ ಮಗುವಿನ ಕಡೆಯವರದು, ಹೆಡ್‌ಮಾಸ್ಟರದಲ್ಲ.

ಆದರೆ ಸೆಕ್ಷನ್ ನಂಬರ್ ಬರೆದ ಚೀಟಿ ಕೊಟ್ಟು ಆ ತಂದೆ ತಾಯಿಯನ್ನು ವಾಪಸ್ ಕಳಿಸಿದರೆ ಏನೂ ಆಗುವುದಿಲ್ಲ. ಜೊತೆಗೆ ಹೋಗಬೇಕು. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಸಮನ್ವಯ ಶಿಕ್ಷಣ ನೋಡಿಕೊಳ್ಳುವ ಶಿಕ್ಷಕರು (ಬಿಐಇಆರ್‌ಟಿ) ಇರುತ್ತಾರೆ. ಅವರನ್ನು ಕರೆದುಕೊಂಡು, ನಿಮ್ಮ ಒಬ್ಬ ಶಿಕ್ಷಕಿಯನ್ನೂ ಕಳಿಸಿ, ಆ ಊರ ಶಾಲೆಯ ಟೀಚರ್ ಜೊತೆ ಅರ್ಧ ದಿನ ಕೂತು ಮಾತಾಡಿ. ಬಹಳ ಸಲ ಅವರಿಗೆ ಇರುವುದು ಭಯ. ಫಿಟ್ಸ್ ಬಂದರೆ ಏನು ಮಾಡಲಿ, ಓಡಿಹೋದರೆ ಯಾರು ಹೊಣೆ ಅಂತ. ಅದನ್ನು ತೋರಿಸಿಕೊಟ್ಟು, ‘ತಿಂಗಳಿಗೊಮ್ಮೆ ಬರುತ್ತೇನೆ, ಯಾವಾಗ ಬೇಕಾದರೂ ಫೋನ್ ಮಾಡಿ’ ಅಂದರೆ ಮುಕ್ಕಾಲು ಪಾಲು ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಒಪ್ಪದೇ ಇದ್ದರೆ ಬಿಇಒ ಅವರಿಗೆ ಬರವಣಿಗೆಯಲ್ಲಿ ಕೊಡಿ. ಅಲ್ಲೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ. ಹೀಗೆ ಐದಾರು ಮಕ್ಕಳು ತಮ್ಮ ಊರಲ್ಲೇ, ತಮ್ಮ ಓಣಿಯ ಮಕ್ಕಳ ಜೊತೆಯಲ್ಲೇ ಶಾಲೆಗೆ ಹೋದರೆ ಅದು ನಿಮ್ಮ 9 ಸೀಟಿಗಿಂತ ದೊಡ್ಡ ಕೆಲಸ.

ಒಂದು ಎಚ್ಚರಿಕೆ. ಇದೇ ಮಾತನ್ನು ತಿರುಗಿಸಿ ತೀವ್ರ ಸಮಸ್ಯೆಯ ಮಕ್ಕಳಿಗೆ ‘ನಿಮಗೆ ಮನೆಯಲ್ಲೇ ಪಾಠ ಇದೆಯಲ್ಲ’ ಅನ್ನಬಾರದು. ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯಬಹುದು ಎಂದು 2012ರ ತಿದ್ದುಪಡಿಯಲ್ಲಿ ಆರ್‌ಟಿಇ ಕಾಯ್ದೆಗೆ ಸೇರಿಸಿದರು. ಅದು ಮಗುವಿಗೆ ಕೊಟ್ಟ ಆಯ್ಕೆ. ಶಾಲೆಗಳಿಗೆ ಕೊಟ್ಟ ನೆಪ ಅಲ್ಲ. ಮನೆಗೆ ಬರುವವರು ಎಷ್ಟೇ ಒಳ್ಳೆಯವರಾದರೂ ವಾರದಲ್ಲಿ ಕೆಲವೇ ಗಂಟೆ ಬರುತ್ತಾರೆ. ಉಳಿದ ಹೊತ್ತು ಆ ಮಗು ಅದೇ ಗೋಡೆ ನೋಡುತ್ತಿರುತ್ತದೆ. ಬೇರೆ ಮಕ್ಕಳ ಸದ್ದು, ಊಟದ ಸಾಲು, ವ್ಯಾನ್ ಹಾರ್ನ್, ಇದೆಲ್ಲ ಮನೆಗೆ ಬರುವುದಿಲ್ಲ ಅಲ್ವಾ?

ಮುಂದಿನದು ಲೆಕ್ಕ. ಇದನ್ನು ಕಮಿಟಿಯ ಮುಂದೆ ಬೋರ್ಡಿನ ಮೇಲೆ ಬರೆದೇ ತೋರಿಸಿ. ವಿಶೇಷ ಶಿಕ್ಷಕರ ಕೊರತೆಯ ಬಗ್ಗೆ ನಡೆದ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ತನ್ನದೇ ಪ್ರಮಾಣ ಹೊರಡಿಸುವವರೆಗೆ ಅಂತ ಒಂದು ಅಳತೆ ಕೊಟ್ಟಿತು. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಕಲಿಕಾ ನ್ಯೂನತೆ ಇದ್ದರೆ 5 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು. ಸಿಪಿ ಮಾತ್ರ ಇದ್ದರೆ 8 ಮಕ್ಕಳಿಗೆ ಒಬ್ಬರು. ಕಣ್ಣು ಕಿವಿ ಎರಡೂ ಇಲ್ಲದ ಮಕ್ಕಳಿಗೆ, ಎರಡು ಮೂರು ಸಮಸ್ಯೆ ಒಟ್ಟಿಗೆ ಇರುವ ಮಕ್ಕಳಿಗೆ 2ಕ್ಕೆ ಒಬ್ಬರು. ತರಗತಿಯಲ್ಲಿ ಕೈಯಾರೆ ಕೆಲಸ ಮಾಡಿದವರಿಗೆ ಈ ಅಳತೆ ಎಷ್ಟು ಸರಿ ಅಂತ ಗೊತ್ತು. ಇವತ್ತಿಗೂ ನಾನು ಇದನ್ನೇ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ.

ನೀವು 6 ಶಿಕ್ಷಕಿಯರಿಗೆ ಐದೈದು ಅಂತ 30 ಲೆಕ್ಕ ಹಾಕಿ, ಈಗಿರುವ 21 ಕಳೆದು 9 ಅಂದಿದ್ದೀರಿ. ಆದರೆ ಆ 12 ವರ್ಷದ ಹುಡುಗಿಯಂಥ ಇಬ್ಬರು ಬಂದರೆ ಅವರಿಗೇ ಒಬ್ಬ ಶಿಕ್ಷಕಿ ಬೇಕು. ಉಳಿದ ಐವರಿಗೆ 25. ಒಟ್ಟು 27. ಅಂದರೆ 9 ಸೀಟು 6ಕ್ಕೆ ಇಳಿಯುತ್ತದೆ. ಇಬ್ಬರನ್ನು ಕರೆಯಲು ಮೂವರನ್ನು ಬಿಡಬೇಕು. ಶಾಲೆಗಳು ಇಂಥ ಮಕ್ಕಳನ್ನು ಸದ್ದಿಲ್ಲದೆ ಹೊರಗಿಡುವುದು ಇದೇ ಲೆಕ್ಕ ನೋಡಿ. ಬಾಯಲ್ಲಿ ಯಾರೂ ಹೇಳುವುದಿಲ್ಲ. ನೀವು ಬಾಯಿಬಿಟ್ಟು ಹೇಳಿ, ಎಲ್ಲರೂ ಕೇಳಲಿ. ಆಮೇಲೆ ಮಾಡುವ ತೀರ್ಮಾನಕ್ಕೆ ಎಲ್ಲರೂ ಹೊಣೆಯಾಗುತ್ತಾರೆ.

ಇದಕ್ಕೆ ಒಂದು ದಾರಿ ನಾನು ಕೊರೊನಾ ಕಾಲದಲ್ಲಿ ಕಂಡುಕೊಂಡೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಮ್ಮ ಮಕ್ಕಳಿಗೆ ಮೊಬೈಲ್ ಪಾಠ ಏನೂ ಹತ್ತಲಿಲ್ಲ. ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಇದ್ದಾಗಲೂ ಡಾಕ್ಟರು, ನರ್ಸುಗಳ ಮಕ್ಕಳಿಗೆ ಬಾಗಿಲು ತೆರೆದಿದ್ದ ಶಾಲೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೂ ಜಾಗ ಇಟ್ಟಿದ್ದರು. ನಮ್ಮಲ್ಲಿ ಆ ಯೋಚನೆ ಬರಲಿಲ್ಲ ಎಂಬ ನೋವು ನನಗೆ ಈಗಲೂ ಇದೆ. ಮತ್ತೆ ತೆರೆದಾಗ ದೂರ ದೂರ ಕೂರಿಸಬೇಕಿತ್ತು, ಎಲ್ಲರನ್ನೂ ಒಟ್ಟಿಗೆ ಕರೆಯುವ ಹಾಗಿರಲಿಲ್ಲ. ಆಗ ಸೀಟು ಅನ್ನುವುದನ್ನು ಗಂಟೆಗಳಾಗಿ ಒಡೆದೆವು. ಯಾವ ಮಗುವಿಗೆ ಎಷ್ಟು ಗಂಟೆ, ಯಾವ ಹೊತ್ತು ಅಂತ. ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ಮಕ್ಕಳಿಗೆ ಶಾಲೆ ಸಿಕ್ಕಿತು.

ತೀವ್ರ ಸಿಪಿ ಇರುವ ಮಗು ಬೆಳಿಗ್ಗೆ 10ರಿಂದ 4ರವರೆಗೆ ಕುರ್ಚಿಯಲ್ಲಿ ಕೂರಲಾರದು. ಮೂರು ಗಂಟೆ ಕೂತರೆ ಬೆನ್ನು ಸೋಲುತ್ತದೆ. ಅದಕ್ಕೆ ಬೆಳಗಿನ ಹೊತ್ತು ಚೆನ್ನಾಗಿ ಕೊಟ್ಟರೆ ಸಾಕು. ಫಿಟ್ಸಿನ ಮಾತ್ರೆ ತಗೊಂಡು 11ರವರೆಗೆ ತೂಕಡಿಸುವ ಮಗುವನ್ನು ಮಧ್ಯಾಹ್ನ ಕರೆಸಿ. ಹೀಗೆ ಒಬ್ಬ ಶಿಕ್ಷಕಿ ಬೆಳಿಗ್ಗೆ ಇಬ್ಬರು, ಮಧ್ಯಾಹ್ನ ಇಬ್ಬರು ಅಂತ ನಾಲ್ಕು ಮಕ್ಕಳನ್ನು ನೋಡಬಹುದು. ಆದರೆ ಅರ್ಧ ದಿನ ಅಂತ ಬರೆಯುವ ಮುಂಚೆ ಬೆಳಿಗ್ಗೆ 10ರ ಪ್ರಶ್ನೆಯನ್ನು ಮತ್ತೆ ಕೇಳಿ. ತಾಯಿ ಇಡೀ ದಿನ ಕೂಲಿಗೆ ಹೋಗುವ ಮನೆಯಾದರೆ ಅರ್ಧ ದಿನದ ಶಾಲೆಯಿಂದ ಅವಳ ಕೂಲಿಯೂ ಹೋಗುತ್ತದೆ, ಮಗುವೂ ಶಾಲೆಯಲ್ಲಿ ಉಳಿಯುವುದಿಲ್ಲ. ಅಂಥ ಮಗುವಿಗೆ ಶಾಲೆಯಲ್ಲೇ ಮಲಗಲು ಒಂದು ಮೂಲೆಯಲ್ಲಿ ಚಾಪೆ, ಕೌದಿ ಹಾಕಿ ಪೂರ್ತಿ ದಿನ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಮನೆ ಭೇಟಿ. ಇದನ್ನು ತಪ್ಪಿಸಬೇಡಿ. ಊರ ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟರೆ ನಿಮಗೆ 25 ಮನೆ ಉಳಿಯಬಹುದು. ಇಬ್ಬಿಬ್ಬರು ಶಿಕ್ಷಕಿಯರು ಹೋದರೆ ಎರಡು ವಾರದ ಕೆಲಸ. ಅರ್ಜಿಯಲ್ಲಿ ‘ತಾಯಿ: ಗೃಹಿಣಿ’ ಎಂದು ಬರೆದಿರುತ್ತದೆ. ಹೋಗಿ ನೋಡಿದರೆ ತಾಯಿ ಬೀಡಿ ಕಟ್ಟುತ್ತಿರುತ್ತಾಳೆ, ಮಗುವನ್ನು ನೋಡಿಕೊಳ್ಳಲು 10 ವರ್ಷದ ಅಕ್ಕ ಶಾಲೆ ಬಿಟ್ಟಿರುತ್ತಾಳೆ. ಅಂಥ ಮನೆಗೆ ಒಂದು ಸೀಟು ಕೊಟ್ಟರೆ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಇದು ಯಾವ ಅರ್ಜಿಯಲ್ಲೂ ಕಾಣಿಸುವುದಿಲ್ಲ. ಅಜ್ಜಿಗೆ ಕಣ್ಣು ಮಂಜಾಗಿದೆ, ಒಲೆ ನೆಲದ ಮೇಲಿದೆ, ಮಗುವಿನ ತೋಳಿನಲ್ಲಿ ಸುಟ್ಟ ಗಾಯ ಇದೆ: ಇಂಥದ್ದು ಕಂಡರೆ ನನಗೆ ಬೇರೆ ಅಂಕ ಬೇಕಾಗಿಲ್ಲ.

ಅಂಕದ ಮಾತು ಬಂತು, ಹೇಳಿಬಿಡುತ್ತೇನೆ. ಒಂದು ವರ್ಷ ನಾನೂ 100 ಅಂಕದ ಪಟ್ಟಿ ಮಾಡಿದ್ದೆ. ವಯಸ್ಸಿಗೆ ಇಷ್ಟು, ಆದಾಯಕ್ಕೆ ಇಷ್ಟು, ತೀವ್ರತೆಗೆ ಇಷ್ಟು, ದೂರಕ್ಕೆ ಇಷ್ಟು. ಕೊನೆಗೆ 61 ಬಂದ ಮಗು ಒಳಗೆ, 60 ಬಂದ ಮಗು ಹೊರಗೆ. ಆ ಒಂದು ಅಂಕ ಯಾವುದರದು ಅಂತ ಹುಡುಕಿದರೆ, ಒಬ್ಬರ ಮನೆ ಬಸ್ ಸ್ಟಾಪಿಗೆ ಅರ್ಧ ಕಿಲೋಮೀಟರ್ ಹತ್ತಿರ ಇತ್ತು. ಅಷ್ಟು ಸಣ್ಣ ವ್ಯತ್ಯಾಸವನ್ನು ಅಳೆಯುವ ತಕ್ಕಡಿ ನಮ್ಮಲ್ಲಿಲ್ಲ. ಆಮೇಲಿಂದ ಅರ್ಜಿಗಳನ್ನು ಮೂರು ಕಟ್ಟು ಮಾಡುತ್ತೇನೆ. ಈ ಮಗು ಇನ್ನು ಒಂದು ತಿಂಗಳೂ ಕಾಯಬಾರದು. ಈ ಮಗುವಿಗೆ ಬೇರೆ ಏನಾದರೂ ಏರ್ಪಾಡು ಮಾಡಿಕೊಟ್ಟರೆ ಒಂದು ವರ್ಷ ತಡೆಯಬಹುದು. ಈ ಮಗುವಿಗೆ ಬೇರೆ ಒಳ್ಳೆಯ ಜಾಗವೇ ಇದೆ. ಮೊದಲ ಕಟ್ಟಿನವರು ಎಲ್ಲರೂ ಒಳಗೆ. ಅಲ್ಲೇ ಸೀಟಿಗಿಂತ ಹೆಚ್ಚು ಮಕ್ಕಳಿದ್ದರೆ ಚೀಟಿ ಎತ್ತಿ.

ಚೀಟಿ ಎತ್ತುವುದಕ್ಕೆ ಹಿಂಜರಿಯಬೇಡಿ. ನಾವು ಪೋಷಕರನ್ನೆಲ್ಲ ಕರೆಸಿ, ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ, ಶಾಲೆಯ ಹುಡುಗಿಯೊಬ್ಬಳ ಕೈಯಲ್ಲಿ ತೆಗೆಸುತ್ತಿದ್ದೆವು. ಹೆಸರು ಬರದ ತಾಯಿ ಅಳುತ್ತಿದ್ದಳು, ನಿಜ. ಆದರೆ ‘ನನ್ನ ಮಗು ಕಡಿಮೆಯಾಯ್ತು’ ಅಂತಲೋ ‘ದುಡ್ಡು ಕೊಟ್ಟವರಿಗೆ ಸಿಕ್ಕಿತು’ ಅಂತಲೋ ಯಾರೂ ಹೇಳಲಿಲ್ಲ.

ವಯಸ್ಸಿನ ವಿಷಯದಲ್ಲಿ ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. 6 ವರ್ಷದ ಒಳಗೆ ಸಿಗುವ ತರಬೇತಿಗೆ ಸಾಟಿಯಿಲ್ಲ, ಅದನ್ನು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ. ಹಾಗೆಯೇ 12–13 ವರ್ಷ ಮನೆಯೊಳಗೇ ಕಳೆದ ಮಗುವಿಗೆ ಇದು ಕೊನೆಯ ಬಸ್ಸು. 18 ದಾಟಿದ ಮೇಲೆ ಕಾಯ್ದೆಯ ಹಕ್ಕೂ ಇರುವುದಿಲ್ಲ. ಚಿಕ್ಕವರು ಮಾತ್ರ ಅಂತ ವಯಸ್ಸಿನ ಗೆರೆ ಹಾಕಬೇಡಿ.

ಇನ್ನೊಂದು ಮಾತು, ಇದು ನಿಮಗೆ ಇಷ್ಟವಾಗದೇ ಇರಬಹುದು. ಈಗಿರುವ 21 ಮಕ್ಕಳಲ್ಲಿ 18 ದಾಟಿದವರು ಎಷ್ಟು ಜನ? ಸಣ್ಣ ಊರಿನ ಎಷ್ಟೋ ಶಾಲೆಗಳಲ್ಲಿ 22, 25 ವರ್ಷದವರು ಅದೇ ಬೆಂಚಿನಲ್ಲಿ ಅದೇ ಮಣಿ ಪೋಣಿಸುತ್ತಾ ಕೂತಿರುತ್ತಾರೆ. ಅವರನ್ನು ಹೊರಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಬೇಕಿರುವುದು ಕೆಲಸ ಕಲಿಯುವ ಜಾಗ. ಪಕ್ಕದ ಶೆಡ್‌ನಲ್ಲಿ ಪೇಪರ್ ಬ್ಯಾಗ್, ಫಿನಾಯಿಲ್, ಅಗರಬತ್ತಿ ಪ್ಯಾಕಿಂಗ್, ಏನಾದರೂ ಶುರು ಮಾಡಿ. ಅದನ್ನು ನೋಡಿಕೊಳ್ಳಲು ವಿಶೇಷ ಶಿಕ್ಷಕಿಯೇ ಆಗಬೇಕಿಲ್ಲ. ನಾಲ್ವರು ದೊಡ್ಡವರು ಅಲ್ಲಿಗೆ ಹೋದರೆ ನಿಮ್ಮ 9 ಸೀಟು 13 ಆಗುತ್ತದೆ. 15 ವರ್ಷ ತುಂಬಿದ ದಿನದಿಂದಲೇ ಮುಂದೇನು ಅಂತ ಮನೆಯವರ ಜೊತೆ ಮಾತು ಶುರು ಮಾಡಿ.

ಉಳಿದವರಿಗೆ ಏನು ಹೇಳುವುದು ಅಂತ ಕೇಳಿದ್ದೀರಿ. ‘ಸೀಟು ಖಾಲಿಯಾದರೆ ಹೇಳಿ ಕಳಿಸುತ್ತೇವೆ’ ಅಂತ ಮಾತ್ರ ಹೇಳಬೇಡಿ. ಆ ಮಾತನ್ನು ನಂಬಿ ವರ್ಷಗಟ್ಟಲೆ ಫೋನ್ ಪಕ್ಕದಲ್ಲಿ ಕೂತ ತಂದೆಯರನ್ನು ನೋಡಿದ್ದೇನೆ. ಪ್ರತಿ ಮನೆಗೂ ಮೂರು ವಿಷಯ ಬರೆದು ಕೊಡಿ: ಯಾಕೆ ಈ ಸಲ ಆಗಲಿಲ್ಲ, ಕಾಯುವ ಪಟ್ಟಿಯಲ್ಲಿ ಎಲ್ಲಿದ್ದೀರಿ, ಮತ್ತೆ ಯಾವ ತಾರೀಖಿಗೆ ನಾವು ನಿಮ್ಮನ್ನು ನೋಡುತ್ತೇವೆ. ಈ ತೀರ್ಮಾನ ತಪ್ಪು ಅನ್ನಿಸಿದರೆ ಯಾರನ್ನು ಕೇಳಬೇಕು ಅಂತಲೂ ಅದರಲ್ಲಿರಲಿ.

ಆಮೇಲೆ ಕಾಯುವವರಿಗೂ ಏನಾದರೂ ಕೈಗೆ ಸಿಗಬೇಕು. ಎರಡು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ಶಾಲೆ ತೆರೆದಿಡಿ. ತಾಯಂದಿರು ಮಕ್ಕಳ ಜೊತೆ ಬರಲಿ. ಊಟ ಮಾಡಿಸುವಾಗ ಮಗುವಿನ ತಲೆ ಹೇಗೆ ಹಿಡಿಯಬೇಕು, ಬಿಗಿದ ಕಾಲನ್ನು ಹೇಗೆ ಬಿಡಿಸಬೇಕು, ಮಾತು ಬಾರದ ಮಗುವಿಗೆ ನಾಲ್ಕು ಚಿತ್ರದ ಕಾರ್ಡ್‌ನಲ್ಲಿ ನೀರು, ಊಟ, ಶೌಚ, ನೋವು ಅಂತ ಹೇಗೆ ಕೇಳಲು ಕಲಿಸಬೇಕು, ತೋರಿಸಿಕೊಡಿ. ಮೂಲೆಯಲ್ಲಿ ಬಿದ್ದಿರುವ ಹಳೇ ಸಿಪಿ ಚೇರ್ ಇದ್ದರೆ ಒಂದು ವರ್ಷಕ್ಕೆ ಮನೆಗೆ ಕೊಡಿ. ಅಂಗವಿಕಲರ ಗುರುತಿನ (ಯುಡಿಐಡಿ) ಕಾರ್ಡ್, ಮಾಸಾಶನ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ, ಇವುಗಳ ಅರ್ಜಿ ಅಲ್ಲೇ ತುಂಬಿಸಿ. ಕಾರ್ಡ್ ಇಲ್ಲದೆ ಎಷ್ಟೋ ಬಾಗಿಲು ತೆರೆಯುವುದೇ ಇಲ್ಲ.

ಅರ್ಜಿಯೇ ಹಾಕದ ಮಕ್ಕಳ ನೆನಪೂ ಇರಲಿ. 31 ಅರ್ಜಿಯಲ್ಲಿ ಹುಡುಗಿಯರು ಎಷ್ಟು ಅಂತ ಒಮ್ಮೆ ಎಣಿಸಿ ನೋಡಿ. ನಾನು ಎಣಿಸಿದ ಪ್ರತಿ ವರ್ಷವೂ ಹುಡುಗರದೇ ಹೆಚ್ಚು ಇತ್ತು. ಹೆಣ್ಣು ಮಗು, ಅದೂ ಹೀಗೆ, ಹೊರಗೆ ಯಾಕೆ ಕಳಿಸುವುದು ಅಂತ ಮನೆಯಲ್ಲೇ ಉಳಿಸಿಕೊಂಡಿರುತ್ತಾರೆ. ಮುಂದಿನ ವರ್ಷ ಅರ್ಜಿ ಕರೆಯುವ ಎರಡು ತಿಂಗಳ ಮೊದಲೇ ಆಶಾ, ಅಂಗನವಾಡಿ ಕಾರ್ಯಕರ್ತೆಯರನ್ನು, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ) ಕೂರಿಸಿ ಕೇಳಿ. ಯಾವ ಮನೆಯಲ್ಲಿ ಯಾವ ಮಗು ಬಾಗಿಲ ಹಿಂದೆ ಇದೆ ಅಂತ ಅವರಿಗೆ ಗೊತ್ತಿರುತ್ತದೆ.

ಈಗ ನಿಮ್ಮ ಕಣ್ಣ ಮುಂದಿರುವ ಆ ಇಬ್ಬರು. ನಾನಾಗಿದ್ದರೆ ಹುಡುಗಿಯನ್ನು ಕರೆಯುತ್ತಿದ್ದೆ. ಅವಳು ಅರ್ಧ ಶಿಕ್ಷಕಿಯ ಹೊತ್ತನ್ನು ತಗೊಳ್ಳುತ್ತಾಳೆ, ದಾನಿಗಳ ಮುಂದೆ ಹಾಡುವುದಿಲ್ಲ, ಆಯಾ ಬೈದುಕೊಳ್ಳಬಹುದು. ಆದರೂ ಅವಳನ್ನೇ. 12 ವರ್ಷದಲ್ಲಿ ಒಂದು ದಿನವೂ ಶಾಲೆ ನೋಡದ ಮಗುವಿಗೆ ಇನ್ನೊಂದು ವರ್ಷ ಕಾಯಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ಸೇರಿಸುವ ಮುಂಚೆ ಡಾಕ್ಟರ ಹತ್ತಿರ ಫಿಟ್ಸಿನ ಔಷಧಿಯ ಚೀಟಿ ಹೊಸದಾಗಿ ಬರೆಸಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನೂ ತುರುಕದೆ ಇರುವುದು, ಗಡಿಯಾರ ನೋಡುವುದು, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡುವುದು, ಇಷ್ಟನ್ನು ವ್ಯಾನ್ ಡ್ರೈವರ್‌ಗೂ ಸೇರಿಸಿ ಎಲ್ಲರಿಗೂ ಕಲಿಸಿ. ಮೊದಲ ತಿಂಗಳು ಬೆಳಗಿನ ಹೊತ್ತು ಮಾತ್ರ ಬರಲಿ, ತಾಯಿಯೂ ಜೊತೆಗಿರಲಿ.

ಹುಡುಗನನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಅವನಿಗೆ 5 ವರ್ಷ, ಅಂಗನವಾಡಿಯಲ್ಲಿ ಇನ್ನೂ ಜಾಗ ಇದೆ. ಅಲ್ಲಿನ ಕಾರ್ಯಕರ್ತೆಯ ಜೊತೆ ನಿಮ್ಮ ಶಿಕ್ಷಕಿ ಒಂದು ದಿನ ಕಳೆಯಲಿ. ವಾರಕ್ಕೆ ಎರಡು ಸಲ, ಶಾಲೆ ಬಿಟ್ಟ ಮೇಲೆ ಒಂದೊಂದು ಗಂಟೆ, ಅವನನ್ನೂ ಅವನ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಿ. ಈ ವಯಸ್ಸಿನಲ್ಲಿ ಅವನು ಸುಮ್ನೆ ಕಾಯುವ ಹಾಗಾಗಬಾರದು. ಮುಂದಿನ ಜೂನ್‌ಗೆ ಅವನ ಊರ ಶಾಲೆಯ ಒಂದನೇ ತರಗತಿ ಸಾಧ್ಯವಾ ಅಂತ ಫೆಬ್ರವರಿಯಲ್ಲಿ ನೋಡಿ. ಸಾಧ್ಯವಿಲ್ಲದಿದ್ದರೆ ಆಗ ಅವನು ನಿಮ್ಮ ಮೊದಲ ಕಟ್ಟಿನಲ್ಲಿರಬೇಕು.

ಅವನ ಅಪ್ಪ ಅಮ್ಮನಿಗೆ ಈ ಸುದ್ದಿಯನ್ನು ಫೋನಿನಲ್ಲಿ ಹೇಳಬೇಡಿ. ಮನೆಗೇ ಹೋಗಿ. ಮೊದಲ ಸೆಶನ್ ಯಾವ ದಿನ, ಎಷ್ಟು ಗಂಟೆಗೆ ಅಂತ ಬರೆದ ಚೀಟಿ ನಿಮ್ಮ ಕೈಯಲ್ಲಿರಲಿ.